ಟಮೋಟದ ಬೂಷ್ಟಿಗೆ ಹುಲ್ಲಿನ ಕ್ರಿಮಿ

ಮೂರು ವರ್ಷದ ಹಿಂದೆ ಶ್ರಾವಣದ ಜಡಿಮಳೇಲಿ ಮಡಕಶಿರಾ ಕಡೆಯಿಂದ ನಲವತ್ತು ಬಾಕ್ಸ್ ಟಮೋಟ ಟೆಂಪೋಗೆ ಏರಿಸಿದ್ದೆ. ದಾರೀಲಿ ಗಾಡಿ ಕೆಟ್ಟು ಒಂದು ದಿನ ತಡವಾಯಿತು. ಮಂಡೀಲಿ ಬಾಕ್ಸ್ ಬಗ್ಗಿಸಿದರೆ ಮೇಲಿನ ಹಣ್ಣು ಬಂಗಾರ. ಕೆಳಗೆ ಬಿಳೀ ಹತ್ತಿಯಂಥ ಬೂಷ್ಟು, ಹುಳಿನೀರು. ಹದಿನೇಳು ಬಾಕ್ಸ್ ದನದ ಪಾಲಾದವು. ಬಾಡಿಗೆ ಮಾತ್ರ ನಲವತ್ತಕ್ಕೂ ಕೊಟ್ಟೆ. ಕನ್ನಡದಲ್ಲಿ ಬೂಷ್ಟು ಅನ್ನಿ, ತೆಲುಗಿನಲ್ಲಿ ಬೂಜು ಅನ್ನಿ, ರೈತನ ಕಾಸು ತಿನ್ನೋದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ.

ಆಮೇಲೆ ಓದಿ, ಕೇಳಿ ತಿಳಕೊಂಡೆ. ಕರಿಮಚ್ಚೆ ಹಾಕೋದು ಆಲ್ಟರ್ನೇರಿಯಾ, ಬೂದಿಬಣ್ಣದ್ದು ಬಾಟ್ರೈಟಿಸ್, ನನ್ನ ಬಾಕ್ಸ್ ತಿಂದಂಥ ಹತ್ತಿಬೂಷ್ಟು ರೈಝೋಪಸ್. ಇದು ಒಂದು ಹಣ್ಣಿಗೆ ಹತ್ತಿದರೆ ಪಕ್ಕದ್ದನ್ನೂ ಹಿಡಿಯುತ್ತೆ. ಒಳಗೆ ನುಗ್ಗಲು ಇವಕ್ಕೆ ಬೇಕಾದದ್ದು ಬಾಗಿಲು: ಉಗುರಿನ ಗೀರು, ಬಿರುಕು, ತೊಟ್ಟು ಕಿತ್ತ ಜಾಗ.

ಆ ಬಾಗಿಲಿಗೆ ಕಾವಲು ಕೂರಿಸುವ ಉಪಾಯವೇ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾ. ಮಣ್ಣಲ್ಲಿ, ಒಣಹುಲ್ಲಲ್ಲಿ ಇರುವಂಥದ್ದು. 1872ರಲ್ಲಿ ಜರ್ಮನಿಯ ಫರ್ಡಿನಾಂಡ್ ಕೋನ್ ಈ ಹೆಸರಿಟ್ಟರು. ಜಪಾನಿನವರು ಸೋಯಾ ಕಾಳು ಹುಳಿಯಿಸಿ ತಿನ್ನುವ ನಾಟೋ ಆಗೋದು ಇದರ ಬಳಗದಿಂದಲೇ. 1984ರಲ್ಲಿ ಅಮೆರಿಕದ ಪ್ಯೂಸಿ, ವಿಲ್ಸನ್ ಎಂಬುವರು ಕಿತ್ತ ಪೀಚ್ ಹಣ್ಣಿನ ಕೊಳೆಯನ್ನು ಇದರಿಂದ ತಡೆದು ತೋರಿಸಿದರು. ಟಮೋಟದ ಮೇಲೂ ಪ್ರಯೋಗಗಳಾಗಿವೆ. ಸಾಮಾನ್ಯವಾಗಿ ಒಂದು ಮಿಲಿಲೀಟರ್ ನೀರಿಗೆ ಹತ್ತು ಕೋಟಿ ಜೀವಕಣದ ಲೆಕ್ಕ.

ಕೆಲಸ ಮಾಡೋ ರೀತಿ ನಮ್ಮ ಜಮೀನು ತಕರಾರಿನ ಥರಾನೇ. ಮೊದಲು ಬಂದು ಗಾಯದಲ್ಲಿ ಬೇಲಿ ಹಾಕಿ ಕೂರುತ್ತೆ, ಅಲ್ಲಿನ ಸಕ್ಕರೆ ತಾನೇ ಉಣ್ಣುತ್ತೆ. ಮೇಲಾಗಿ ಇಟುರಿನ್, ಫೆಂಜೈಸಿನ್ ಅನ್ನೋ ರಸ ಬಿಟ್ಟು ಬೂಷ್ಟಿನ ಎಳೆಯ ಪೊರೆ ಒಡೆಯುತ್ತೆ. ಆದರೆ ಬೂಷ್ಟು ಒಳಹೊಕ್ಕ ಮೇಲೆ ಬಳಿದರೆ ಪ್ರಯೋಜನವಿಲ್ಲ. ಇದು ಕಾವಲುಗಾರ, ವೈದ್ಯನಲ್ಲ.

ನಮ್ಮ ಅಂಗಡೀಲಿ ಸಿಕ್ಕ ಪೊಟ್ಟಣದ ಮೇಲೆ ಬೀಜ, ಬೇರು, ಎಲೆಗೆ ಅಂತ ಬರೆದಿತ್ತು. ಕಿತ್ತ ಹಣ್ಣಿನ ಮಾತೇ ಇಲ್ಲ. ಹಾಗಾಗಿ ಮಾರೋ ಮಾಲನ್ನು ಅದ್ದಲಿಲ್ಲ, ನೀವೂ ಅದ್ದಬೇಡಿ. ಪಡಸಾಲೇಲಿ ಎರಡು ಬಾಕ್ಸ್ ಇಟ್ಟು ನೋಡಿದೆ ಅಷ್ಟೆ. ಅದ್ದಿದ ಬಾಕ್ಸಿನಲ್ಲಿ ಗೀರು ಬಿದ್ದ ಹಣ್ಣು ಹೆಚ್ಚು ದಿನ ತಡೆದವು. ಜಜ್ಜಿದವು ಎರಡರಲ್ಲೂ ಕೊಳೆತವು. ಒಂದು ಸಲದ ಆಟ, ಇದನ್ನೇ ಪ್ರಮಾಣ ಅನ್ನಲಾರೆ. ಬ್ಲೀಚಿಂಗ್ ನೀರಿಗೆ ಮಾತ್ರ ಇದನ್ನು ಬೆರೆಸಬಾರದು, ಕಾವಲುಗಾರನೇ ಸಾಯುತ್ತಾನೆ.

ಅದು ಅಂಗಡಿಗೆ ಬರೋವರೆಗೆ ನಾನು ಹಿಡಿದಿರೋ ದಾರಿ ಬೇರೆ. ಇಬ್ಬನಿ ಆರಿದ ಮೇಲೆ ಕೀಳಿಸ್ತೀನಿ, ಆಳುಗಳಿಗೆ ಉಗುರು ಕತ್ತರಿಸಿ ಅಂತೀನಿ. ಬಿಸಿಲಲ್ಲಿ ಕಾದ ಹಣ್ಣನ್ನು ತಣ್ಣೀರಿಗೆ ಹಾಕೋಲ್ಲ. ಹಾಕಿದರೆ ತೊಟ್ಟಿನ ಜಾಗದಿಂದ ಕೊಳಕು ನೀರು ಒಳಗೆ ಎಳಕೊಳ್ಳುತ್ತೆ. ಬಲಿತ ಕಾಯಿ 13 ಡಿಗ್ರಿ ಆಸುಪಾಸು ಸುಖವಾಗಿರುತ್ತೆ. 10ಕ್ಕಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಚಳಿ ತಿಂದು ಆಲ್ಟರ್ನೇರಿಯಾಕ್ಕೇ ಸುಲಭವಾಗುತ್ತೆ. ಕಳೆದ ಸಲ ಬಾಕ್ಸ್ ತುಂಬೋ ಮುಂಚೆ ಗೀರು ಬಿದ್ದದ್ದನ್ನೆಲ್ಲ ಬೇರೆ ಆರಿಸಿ ಊರ ಸಂತೆಗೇ ಕಳಿಸಿದೆ. ಮಂಡಿಗೆ ಹೋದ ಮೂವತ್ತೊಂದರಲ್ಲಿ ವಾಪಸ್ಸಾದದ್ದು ಎರಡು.