ಬೆರಳು ತಾಗಿದ ಮಾತ್ರಕ್ಕೆ ‘ಒಪ್ಪಿಗೆ’ ಆಗೋದಿಲ್ಲ

ಪಹಣಿ ನೋಡೋದು, ಬೆಳೆ ವಿಮೆಗೆ ಅರ್ಜಿ ಹಾಕೋದು, ಪರಿಹಾರದ ದುಡ್ಡು ಬಂತಾ ಅಂತ ತಿಳಿಯೋದು ಎಲ್ಲವೂ ಈಗ ಮೊಬೈಲ್ ಬ್ರೌಸರಿಗೆ ಬಂದಿದೆ. ನವಲಗುಂದ, ಅಣ್ಣಿಗೇರಿ ಕಡೆ ಎರೆಹೊಲದ ಬದುವಿನ ಮೇಲೆ ನಿಂತ ರೈತನ ಕೈಲಿ ಮೌಸ್ ಇರೋದಿಲ್ಲ, ಹೆಬ್ಬೆರಳು ಇರುತ್ತೆ. ಅದಕ್ಕೇ ಬೆರಳಿನ ಮಾಹಿತಿಯನ್ನು ಬ್ರೌಸರ್ ಹೇಗೆ ಓದುತ್ತೆ ಅನ್ನೋದು ಬರೀ ಟೆಕ್ಕಿಗಳ ವಿಷಯ ಅಲ್ಲ. ವೆಬ್ ಕೋಡ್ ಬರೆಯುವ ನಾನು ಹೇಳೋದು ಇಷ್ಟೇ: ಪರದೆಗೆ ಬೆರಳು ತಾಗಿದ್ದು ಬೇರೆ, ಮನುಷ್ಯ ‘ಹೂಂ’ ಅಂದಿದ್ದು ಬೇರೆ.

ಬೆರಳು ಪರದೆ ಮುಟ್ಟಿದಾಗ ಬ್ರೌಸರ್ ‘ಟಚ್‌ಸ್ಟಾರ್ಟ್’ ಎಂಬ ಸುದ್ದಿ ಕಳಿಸುತ್ತೆ. ಸರಿದಾಡಿದರೆ ‘ಟಚ್‌ಮೂವ್’, ಎತ್ತಿದರೆ ‘ಟಚ್‌ಎಂಡ್’, ನಡುವೆ ತಡೆ ಬಿದ್ದರೆ ‘ಟಚ್‌ಕ್ಯಾನ್ಸಲ್’. ಪ್ರತಿ ಸುದ್ದಿಯ ಜೊತೆ ಬೆರಳುಗಳ ಪಟ್ಟಿ ಇರುತ್ತೆ. ‘ಟಚಸ್’ ಪಟ್ಟಿಯಲ್ಲಿ ಈಗ ಪರದೆ ಮೇಲಿರುವ ಬೆರಳುಗಳಷ್ಟೇ ಸಿಗುತ್ತವೆ; ಆಗಷ್ಟೇ ಎತ್ತಿದ ಬೆರಳನ್ನು ‘ಚೇಂಜ್ಡ್‌ಟಚಸ್’ನಲ್ಲಿ ಹುಡುಕಬೇಕು. ಒಂದೊಂದು ಬೆರಳಿಗೂ ಒಂದು ಗುರುತಿನ ಸಂಖ್ಯೆ ಉಂಟು. ನಕ್ಷೆಯ ಮೇಲೆ ಹೊಲದ ಗಡಿ ಎಳೆಯುವಾಗ ಎರಡನೇ ಬೆರಳು ತಾಗಿದರೆ, ಈ ಸಂಖ್ಯೆ ನೋಡದ ಕೋಡ್ ಗಡಿಯನ್ನೇ ಎತ್ತಲೋ ಎಳೆದುಬಿಡಬಹುದು.

ಅಪಾಯ ಇರೋದು ಬಟನ್ನುಗಳಲ್ಲಿ. ಉದ್ದನೆಯ ಘೋಷಣೆ, ಕೆಳಗೆ ‘ಒಪ್ಪಿದ್ದೇನೆ, ಸಲ್ಲಿಸಿ’. ಆ ಬಟನ್ನಿನ ಕೆಲಸವನ್ನು ಟಚ್‌ಸ್ಟಾರ್ಟ್‌ಗೆ ಕಟ್ಟಿದ್ದರೆ, ಓದಲಿಕ್ಕೆ ಪುಟ ಸರಿಸುತ್ತಿದ್ದ ಹೆಬ್ಬೆರಳು ಅಲ್ಲಿ ತಾಗಿದ ಕೂಡಲೇ ಅರ್ಜಿ ಹೋಗಿಬಿಡುತ್ತೆ! ಟಚ್‌ಎಂಡ್‌ಗೆ ಕಟ್ಟಿದರೂ ಪೂರ್ತಿ ಪಾರಾಗೋದಿಲ್ಲ. ಯಾಕಂದ್ರೆ ಬೆರಳು ಎಲ್ಲಿಗೆ ಸರಿದರೂ, ಅದು ಎಲ್ಲಿ ಶುರುವಾಯಿತೋ ಆ ಬಟನ್ನಿಗೇ ಟಚ್‌ಎಂಡ್ ತಲುಪುತ್ತೆ. ಇಂಥ ಅರ್ಜಿ ತಿದ್ದಿಸಲು ಕುಂದಗೋಳದ ಹಳ್ಳಿಯವರು ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕೇಂದ್ರದ ಬಸ್ ಹತ್ತಬೇಕು. ಕೋಡ್ ಬರೆದವರಿಗೆ ಆ ಬಸ್ ಚಾರ್ಜು ಕಾಣೋದೇ ಇಲ್ಲ.

ಹೀಗೆ ಯಾಕೆ ಬರೆದರು? ಹಿಂದೆ ಮೊಬೈಲ್ ಬ್ರೌಸರುಗಳು, ಎರಡು ಸಲ ತಟ್ಟುತ್ತಾರೇನೋ ಅಂತ ನೋಡಲು ಸುಮಾರು 300 ಮಿಲಿಸೆಕೆಂಡ್ ಕಾದು ‘ಕ್ಲಿಕ್’ ಕೊಡುತ್ತಿದ್ದವು. ಆ ತಡ ತಪ್ಪಿಸಲು ಟಚ್‌ಸ್ಟಾರ್ಟ್ ಹಿಡಿದರು. ಮೊಬೈಲಿಗೆ ಸರಿಯಾಗಿ ಹೊಂದಿಸಿದ ಪುಟಗಳಲ್ಲಿ ಆ ತಡ ಈಗಿಲ್ಲ. ಕಾರಣ ಹೋಯಿತು, ಹಳೇ ಕೋಡ್ ಮಾತ್ರ ಉಳಿಯಿತು.

ಪರಿಹಾರ ಕಷ್ಟದ್ದೇನಲ್ಲ. ಸಾದಾ ಬಟನ್ನಿಗೆ ಸಾದಾ ‘ಕ್ಲಿಕ್’ ಸಾಕು. ಪುಟ ಸರಿಸಿದರೆ ಬ್ರೌಸರ್ ಅದನ್ನು ಕ್ಲಿಕ್ ಅಂತ ಎಣಿಸೋದಿಲ್ಲ. ಚಿತ್ರ, ನಕ್ಷೆ, ಸಹಿ ಬೇಕಾದಲ್ಲಿ ಮೌಸ್, ಪೆನ್, ಬೆರಳು ಮೂರನ್ನೂ ಒಂದೇ ರೀತಿ ಓದುವ ‘ಪಾಯಿಂಟರ್ ಈವೆಂಟ್ಸ್’ ಇದೆ. ಇದು 2015ರಲ್ಲೇ ಡಬ್ಲ್ಯು3ಸಿ ಶಿಫಾರಸು ಆಗಿದೆ. ಬ್ರೌಸರ್ ಪುಟ ಸರಿಸಲು ಶುರುಮಾಡಿದರೆ ಅದು ‘ಪಾಯಿಂಟರ್‌ಕ್ಯಾನ್ಸಲ್’ ಕಳಿಸುತ್ತೆ. ಅದನ್ನು ಗೌರವಿಸಿ ಅಲ್ಲಿಗೇ ಕೈಬಿಡೋದು ಕೋಡಿನ ಧರ್ಮ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. 2018ರ ಡಬ್ಲ್ಯುಸಿಎಜಿ 2.1 ಮಾನದಂಡದ ಪ್ರಕಾರ, ತೀರಾ ಅನಿವಾರ್ಯ ಅಲ್ಲದ ಹೊರತು ಬೆರಳಿಟ್ಟ ಕ್ಷಣಕ್ಕೇ ಕೆಲಸ ನಡೆದುಹೋಗಬಾರದು, ಇಲ್ಲವೇ ಅದನ್ನು ರದ್ದು ಮಾಡುವ ದಾರಿ ಇರಬೇಕು. ಭಾರತ ಸರ್ಕಾರದ ವೆಬ್‌ಸೈಟ್ ಮಾರ್ಗಸೂಚಿ ಜಿಐಜಿಡಬ್ಲ್ಯು 3.0 ಕೂಡ ಇದೇ ಮಾನದಂಡವನ್ನು ಆಧರಿಸಿದೆ. 2023ರ ಡಬ್ಲ್ಯುಸಿಎಜಿ 2.2 ಇನ್ನೂ ಮುಂದೆ ಹೋಗಿ, ಕೆಲ ವಿನಾಯಿತಿ ಬಿಟ್ಟರೆ, ಬಟನ್ ಕನಿಷ್ಠ 24×24 ಸಿಎಸ್‌ಎಸ್ ಪಿಕ್ಸೆಲ್ ಇರಲಿ ಅನ್ನುತ್ತೆ.

ನೀವೇ ಪರೀಕ್ಷೆ ಮಾಡಿ ನೋಡಿ. ಸರ್ಕಾರಿ ಪುಟ ತೆರೆದು, ‘ಹುಡುಕಿ’ಯಂಥ ಅಪಾಯವಿಲ್ಲದ ಬಟನ್ ಮೇಲೆ ಬೆರಳಿಟ್ಟು, ಎತ್ತದೆ ದೂರ ಸರಿಸಿ ಬಿಡಿ. ಆದರೂ ಬಟನ್ ಕೆಲಸ ಮಾಡಿತಾ? ಸ್ಕ್ರೀನ್ ರೆಕಾರ್ಡ್ ಮಾಡಿಕೊಂಡು ಇಲಾಖೆಗೆ ದೂರು ಕೊಡಿ. ಡಾಂಬರು ಕಿತ್ತುಹೋದ ರಸ್ತೆ ಬಗ್ಗೆ ಕೇಳೋ ನಾವು ಈ ಬಟನ್ ಬಗ್ಗೆಯೂ ಕೇಳಬೇಕು.