ಅಕಾರಾದಿಯ ಕ್ರಮ ಬದಲಾದಾಗ

ನಿಘಂಟಿನಲ್ಲಿ ‘ಕ್ಷಮೆ’ ಎಂಬ ಮಾತನ್ನು ಎಲ್ಲಿ ಹುಡುಕಬೇಕು? ಶಾಲೆಯ ಅಕ್ಷರಮಾಲೆಯ ಪಟವನ್ನು ನೆನಪಿನಲ್ಲಿಟ್ಟುಕೊಂಡವರು ಳಕಾರವನ್ನೂ ದಾಟಿ ಕೊನೆಯ ಪುಟಕ್ಕೆ ಹೋಗುತ್ತಾರೆ. ಬಲ್ಲವರು ಕಕಾರದಲ್ಲೇ ನೋಡುತ್ತಾರೆ. ಜೋಡಿಸಿದವನ ಕ್ರಮವೂ ಹುಡುಕುವವನ ಕ್ರಮವೂ ಬೇರೆಯಾದರೆ ಇರುವ ಪದವೂ ಇಲ್ಲದಂತೆಯೇ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಹೀಗೆ ಬರಿಗೈಯಲ್ಲಿ ಹಿಂದಿರುಗಿ ನಿಘಂಟುಕಾರರನ್ನೇ ದೂರಿದ್ದುಂಟು.

ಅಕ್ಷರಕ್ರಮವೆಂಬುದು ಒಂದು ಒಪ್ಪಂದ. ಅದು ಬದಲಾಗುವುದೂ ಉಂಟು. ಸ್ಪ್ಯಾನಿಷ್ ಭಾಷೆಯ ಅಕಾಡೆಮಿಗಳು ‘ಸಿಎಚ್’ ಜೋಡಿಗೆ ನಿಘಂಟಿನಲ್ಲಿದ್ದ ಪ್ರತ್ಯೇಕ ಸ್ಥಾನವನ್ನು 1994ರಲ್ಲಿ ತೆಗೆದುಹಾಕಿದವು. ಇಂಥ ಮಾರ್ಪಾಡು ಗ್ರಂಥದಲ್ಲಾದರೆ ಹಳೆಯ ಪ್ರತಿ ಹಳೆಯ ಕ್ರಮದಲ್ಲಿಯೇ ಕಪಾಟಿನಲ್ಲಿ ಉಳಿಯುತ್ತದೆ. ಕಂಪ್ಯೂಟರಿನ ಡೇಟಾಬೇಸಿನ ಪಾಡು ಹಾಗಲ್ಲ. ಅದರ ಸೂಚಿ ಕವಲೊಡೆದ ಮರದಂತೆ. ಪ್ರತಿ ಕವಲಿನಲ್ಲಿಯೂ ‘ಹುಡುಕುವ ಪದ ಇದಕ್ಕಿಂತ ಮೊದಲೋ, ಅನಂತರವೋ’ ಎಂದು ಕೇಳಿಕೊಂಡು ಮುಂದೆ ಸಾಗಬೇಕು. ಆ ಪ್ರಶ್ನೆಗೆ ಉತ್ತರ ಹೇಳುವ ನಿಯಮವನ್ನಾದರೋ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸುಗಳು ಬಹುಮಟ್ಟಿಗೆ ಯಂತ್ರದ ಕಾರ್ಯವ್ಯವಸ್ಥೆಯಿಂದ ಎರವಲು ತರುತ್ತವೆ.

2018ರ ಆಗಸ್ಟಿನಲ್ಲಿ ಬಂದ, ಲಿನಕ್ಸ್ ಯಂತ್ರಗಳ ಆಧಾರವಾದ ಜಿಲಿಬ್‌ಸಿ ಗ್ರಂಥಾಲಯದ 2.28ನೆಯ ಆವೃತ್ತಿ ಈ ನಿಯಮಗಳನ್ನು ಅಂತರರಾಷ್ಟ್ರೀಯ ಮಾನಕಕ್ಕೆ ಅನುಗುಣವಾಗಿ ವ್ಯಾಪಕವಾಗಿ ತಿದ್ದಿತು. ಹಿಂದೆ ಇಂಗ್ಲಿಷ್ ಕ್ರಮದಲ್ಲಿ ‘11’ ಮೊದಲು, ‘1-1’ ಆಮೇಲೆ, ಈಗ ತಿರುಗುಮುರುಗು. ವ್ಯವಸ್ಥೆ ಹೊಸದಾಯಿತು, ಸೂಚಿ ಹಳೆಯದೇ ಉಳಿಯಿತು. ಹುಡುಕುವವನು ತಪ್ಪು ಕವಲನ್ನು ಹಿಡಿದು ‘ಇಲ್ಲ’ ಎಂದು ಮರಳುತ್ತಾನೆ. ಇದಕ್ಕಿಂತ ಕೆಟ್ಟದ್ದೆಂದರೆ, ಒಂದೇ ಸಲ ಇರಬೇಕಾದ ದಾಖಲೆಯನ್ನು ಇಲ್ಲವೆಂದು ನಂಬಿ ಮತ್ತೊಮ್ಮೆ ಸೇರಿಸಿಕೊಳ್ಳುತ್ತದೆ. ಆಸ್ಪತ್ರೆಯ ರೋಗಿಯೊಬ್ಬರು ಹೀಗೆ ಇಬ್ಬರಾದರೆ ಔಷಧದ ವಿವರ ಯಾರ ಹೆಸರಿನಲ್ಲಿರಬೇಕು? ಯಂತ್ರ ಮಾತ್ರ ದೋಷವಿದೆಯೆಂದು ಸೊಲ್ಲೆತ್ತುವುದಿಲ್ಲ.

ಸೂಚಿಯನ್ನು ಹೊಸದಾಗಿ ಕಟ್ಟುವುದೇ ಪರಿಹಾರ. ಯಾವಾಗ ಕಟ್ಟಬೇಕೆಂದು ತಿಳಿಯಲು ನಿಯಮದ ಆವೃತ್ತಿಯನ್ನು ಗುರುತಿಟ್ಟುಕೊಳ್ಳಬೇಕು. ಪೋಸ್ಟ್‌ಗ್ರೆಸ್ ಈ ಕೆಲಸವನ್ನು ಐಸಿಯು ಎಂಬ ಬೇರೊಂದು ಗ್ರಂಥಾಲಯದ ನಿಯಮಗಳಿಗೆ 2017ರಲ್ಲಿ, ಜಿಲಿಬ್‌ಸಿಯ ನಿಯಮಗಳಿಗೆ 2020ರಲ್ಲಿ ಆರಂಭಿಸಿತು. ಗುರುತು ಹೊಂದದಿದ್ದರೆ ಎಚ್ಚರಿಸುತ್ತದೆ. ಆದರೆ ಜಿಲಿಬ್‌ಸಿಯಲ್ಲಿ ನೋಡುವುದು ಇಡೀ ಗ್ರಂಥಾಲಯದ ಆವೃತ್ತಿಯನ್ನು. ಆದ್ದರಿಂದ ಕ್ರಮ ಕದಲದಿದ್ದರೂ ಗಂಟೆ ಬಾರಿಸೀತು. ಸುಮ್ಮನಿರುವುದಕ್ಕಿಂತ ಅದೇ ಲೇಸೆಂದು ನನ್ನ ಭಾವನೆ.

2024ರ ಆವೃತ್ತಿಯಲ್ಲಿ ಇನ್ನೊಂದು ದಾರಿ ತೆರೆಯಿತು: ಎರವಲಿನ ಹಂಗಿಲ್ಲದೆ, ಯೂನಿಕೋಡ್ ಸಂಕೇತಸಂಖ್ಯೆಯ ಕ್ರಮವನ್ನೇ ಅನುಸರಿಸುವುದು. ಈ ಕ್ರಮ ಕದಲುವಂಥದಲ್ಲ. ಆದರೆ ಯೂನಿಕೋಡ್ ಸಂಖ್ಯೆಗಳಲ್ಲಿ ಕನ್ನಡದ ಳಕಾರ ಹಕಾರದ ಆಚೆಗಿಲ್ಲ, ವಕಾರಕ್ಕಿಂತ ಹಿಂದೆ, ಲಕಾರದ ಪಕ್ಕದಲ್ಲಿ ಕುಳಿತಿದೆ. ಅಲ್ಲಿ ‘ಹಳೆ’ಯ ಅನಂತರವೇ ‘ಹವೆ’.