ನಿಮಗಿದು ಗೊತ್ತೆ? ಉಕ್ರೇನಿನಿಂದ ಬಂದ ವೈರಸ್, ನವಿ ಮುಂಬೈ ಬಂದರಿನ ಟರ್ಮಿನಲ್ ಸ್ತಬ್ಧ

ಉಕ್ರೇನಿನ ತೆರಿಗೆ ಲೆಕ್ಕದ ಸಾಫ್ಟ್‌ವೇರ್‌ಗೆ ಬಂದ ಅಪ್‌ಡೇಟ್ ಒಂದು ನಮ್ಮ ಜವಾಹರಲಾಲ್ ನೆಹರು ಬಂದರಿನ ಟರ್ಮಿನಲ್ ಒಂದನ್ನೇ ನಿಲ್ಲಿಸಿಬಿಟ್ಟಿತ್ತು! ನಾಸಿಕದ ದ್ರಾಕ್ಷಿ, ಈರುಳ್ಳಿ ಹಡಗು ಹತ್ತುವ ಬಂದರು ಇದೇ.

2017ರ ಜೂನ್ 27. ಅಪ್‌ಡೇಟ್‌ನಲ್ಲಿ ಅಡಗಿದ್ದದ್ದು ‘ನಾಟ್‌ಪೆಟ್ಯಾ’ ಎಂಬ ವೈರಸ್. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಒಂದು ಕಂಪ್ಯೂಟರ್‌ಗೆ ಹೊಕ್ಕರೆ ಸಾಕು, ಅಲ್ಲಿನ ಪಾಸ್‌ವರ್ಡ್ ಕದ್ದು ನೆಟ್‌ವರ್ಕ್‌ನ ಮಿಕ್ಕವಕ್ಕೂ ತಾನೇ ಹರಡುತ್ತಿತ್ತು. ಕಂಪ್ಯೂಟರ್ ಆಫ್ ಆಗಿ ಆನ್ ಆಗುತ್ತಿತ್ತು. ‘ಡಿಸ್ಕ್ ರಿಪೇರಿ ನಡೆದಿದೆ, ಆಫ್ ಮಾಡಬೇಡಿ’ ಎಂಬ ಸೂಚನೆ ಬೇರೆ! ಒಳಗೊಳಗೇ ಡಿಸ್ಕ್‌ಗೆ ಬೀಗ ಬೀಳುತ್ತಿತ್ತು. ಆಮೇಲೆ ಕಪ್ಪು ಪರದೆ, ಕೆಂಪು ಅಕ್ಷರ: 300 ಡಾಲರ್ ಕೊಡಿ. ಕೊಟ್ಟರೂ ಫೈಲು ವಾಪಸಾಗುವಂತಿರಲಿಲ್ಲ.

ಟರ್ಮಿನಲ್ ನಡೆಸುತ್ತಿದ್ದದ್ದು ಡೆನ್ಮಾರ್ಕಿನ ಮರ್ಸ್ಕ್ ಸಮೂಹ. ಸಮೂಹದ ನೆಟ್‌ವರ್ಕ್‌ಗೆ ಈ ವೈರಸ್ ಹೊಕ್ಕು, ಕಂಪ್ಯೂಟರ್‌ಗಳು ಜಗತ್ತಿನಾದ್ಯಂತ ಕೈಕೊಟ್ಟವು. ಇಲ್ಲಿ ಕಂಟೇನರ್ ಲೆಕ್ಕ ಕೈಯಲ್ಲೇ ಮಾಡಬೇಕಾಯಿತು. ಹತ್ತು ದಿನಗಳಲ್ಲಿ ಕಂಪನಿ 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಸಜ್ಜುಗೊಳಿಸಿತು.

ಅದಕ್ಕೆ ಬೇಕಿದ್ದ ಮುಖ್ಯ ದತ್ತಾಂಶದ ಒಂದೇ ಒಂದು ಪ್ರತಿ ಉಳಿದಿದ್ದದ್ದು ಆಫ್ರಿಕಾದ ಘಾನಾದಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ ವೈರಸ್‌ಗೆ ಅದನ್ನು ಮುಟ್ಟಲಾಗಲಿಲ್ಲ!